ಇನ್ನೊಂದು ತೂತು

ಮೊನ್ನೆ ಯಲ್ದೂರಿನಲ್ಲಿ ಅಕ್ಕನೂ ನಾನೂ ಅವಳ ಟ್ರಂಕು ಖಾಲಿ ಮಾಡುತ್ತಿದ್ದಾಗ ಹಳೇ ಸೀರೆಯ ಮಡಿಕೆಯಿಂದ ಹಿತ್ತಾಳೆಯ ಬಿಲ್ಲೆಯೊಂದು ಜಾರಿ ಬಿತ್ತು. ಭಾವನ ಗಣಿಯ ಬಿಲ್ಲೆ. ಯಾರು ಕೆಳಗಿಳಿದಿದ್ದಾರೆ ಎಂದು ಗುರುತಿಡಲು ಕೊಡುತ್ತಿದ್ದದ್ದು. ಅದರ ಗೀರುಗಳಲ್ಲಿ ಇನ್ನೂ ಕಪ್ಪು ಕೂತಿತ್ತು...

ಭಾವ, ಅಂದರೆ ಅಕ್ಕನ ಗಂಡ, ರಾಯಲ್ಪಾಡಿನ ಕಡೆಯವರು. ಎಪ್ಪತ್ತರ ದಶಕದಲ್ಲಿ ಉತ್ತರದ ಕಲ್ಲಿದ್ದಲು ಗಣಿಯೊಂದಕ್ಕೆ ಹೋಗಿ ಸೇರಿದ್ದರು. ಮಾವಿನ ಕಾಲಕ್ಕೆ ರಜೆ ಹಾಕಿ ಬರುತ್ತಿದ್ದರು. ಅವರ ಕೆಲಸ ಇದ್ದಲು ಕಡಿಯುವುದಲ್ಲ. ಕಡಿಯುವವರಿಗಿಂತ ಮೊದಲು ಹೋಗಿ, ಇದ್ದಲಿನ ಪದರದೊಳಕ್ಕೆ ಉದ್ದನೆಯ ತೂತು ಕೊರೆದು, ಒಳಗಿನ ಗ್ಯಾಸನ್ನು ಪೈಪಿನಲ್ಲಿ ಮೇಲಕ್ಕೆ ಬಿಡುವುದು. ಆಗ ನಾನು ಕೋಲಾರದಲ್ಲಿ ಕಾಲೇಜು ಓದುತ್ತಿದ್ದೆ. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಇದ್ಲೊಳಗೆ ಗ್ಯಾಸು ಅದುಮ್ಕೊಂಡು ಕೂತಿರ್ತದೆ ಕಣೋ. ನಾವಾಗಿ ದಾರಿ ಬಿಟ್ರೆ ಸುಮ್ನೆ ಹೋಗ್ತದೆ. ಇಲ್ಲಾಂದ್ರೆ ಗೋಡೆನೇ ಕಿತ್ಕೊಂಡು ಮೈಮೇಲೆ ಬರ್ತದೆ" ಎಂದಿದ್ದರು. ಅವರಿಗೊಬ್ಬ ಜೊತೆಗಾರನಿದ್ದ, ಇಬ್ಬರೂ ಒಂದೇ ಡ್ರಿಲ್ಲು ಹಿಡಿಯುವವರು. ಅವನ ಸುದ್ದಿ ಬಂದರೆ ಸಾಕು, ಭಾವನ ಮುಖದಲ್ಲಿ ನಗು.

ಒಂದು ವರ್ಷ ರಜೆ ಮುಗಿದು ಹೊರಟು ನಿಂತಾಗ ಮಗಳಿಗೆ ಜ್ವರ ಬಂತು. ಅಕ್ಕ ಚೀಲ ಕಿತ್ತಿಟ್ಟುಕೊಂಡಳು. ಜ್ವರ ಬಿಟ್ಟ ಮೇಲೆ ಹೋಗಿ ಎಂದು ಹಟ ಹಿಡಿದಳು. ಭಾವ ಉಳಿದರು. ಜ್ವರ ಇಳಿಯುವ ಹೊತ್ತಿಗೆ ಗಣಿಯಿಂದ ತಂತಿ ಬಂತು. ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಿದೆ. ಗ್ಯಾಸು ನುಗ್ಗಿ ಇದ್ದಲಿನ ಗೋಡೆ ಸಿಡಿದಿತ್ತು. ಜೊತೆಗಾರನೂ ಅವನ ಹಿಂದಿದ್ದವರೂ ಅದರಡಿ ಸಿಕ್ಕಿ ಸತ್ತಿದ್ದರು.

ಅಕ್ಕ ದೇವರ ಮುಂದೆ ದೀಪ ಹಚ್ಚಿದಳು. ಭಾವ ಅಳಲಿಲ್ಲ. ಕೈ ತೊಳೆದು ಊಟಕ್ಕೆ ಕೂತರು, ಮುದ್ದೆ ಮುರಿದರು, ನುಂಗಿದರು. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದರು:

"ನಾನಿದ್ದಿದ್ರೆ ಇನ್ನೊಂದು ತೂತು ಹಾಕೋಣ ಅಂತಿದ್ದೆ. ಅವ್ನು ಹ್ಞೂ ಅಂತಿದ್ದ."

ಮಾರನೆಯ ದಿನವೇ ಹೊರಟರು. ನಿವೃತ್ತಿಯಾಗುವವರೆಗೂ ಅದೇ ಕೆಲಸ ಮಾಡಿದರು. ಮಾವಿನ ಕಾಲಕ್ಕೆ ಬರುವುದೂ ತಪ್ಪಲಿಲ್ಲ. ಕೇಳಿದರೆ ಉತ್ತರ, ಬಡಿಸಿದರೆ ಊಟ... ಮಗಳ ಮದುವೆಯಲ್ಲೂ ಧಾರೆ ಎರೆದವರೇ ಮೂಲೆಯ ಕುರ್ಚಿಗೆ ಹೋಗಿ ಕೂತುಬಿಟ್ಟರು. ಅಕ್ಕನನ್ನು ಒಂದು ದಿನವೂ ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ಭಾವ ತೀರಿಕೊಂಡು ವರ್ಷವಾಗುತ್ತ ಬಂತು. ಬಿಲ್ಲೆಯನ್ನು ಪಕ್ಕಕ್ಕಿಟ್ಟು ಟ್ರಂಕಿನ ಸೀರೆಗಳನ್ನು ಮಡಿಸುತ್ತ ಅಕ್ಕ, ಯಾವ ಪೀಠಿಕೆಯೂ ಇಲ್ಲದೆ, "ಅವತ್ತು ನಾನು ತಡೀಬಾರ್ದಿತ್ತೇನೋ?" ಎಂದು ಕೇಳಿದಳು. ತಡೆಯದಿದ್ದರೆ ಭಾವನೂ ಅಂದೇ ಹೋಗಿಬಿಡುತ್ತಿದ್ದರೋ, ಇಲ್ಲ ಇಬ್ಬರೂ ಉಳಿಯುತ್ತಿದ್ದರೋ... ಅವಳು ಚಾಚಿದ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡೆ.