ಮೂರನೆಯ ಹಾಡಿನ ತಬಲಾ

ಶಿಕಾಗೋ ಬಳಿಯ ಗ್ಲೆಂಡೇಲ್ ಹೈಟ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಮೈಸೂರಿನವರು. ಎಪ್ಪತ್ತರ ದಶಕದಲ್ಲಿ ಶಿಕಾಗೋದ ಸ್ಟುಡಿಯೋ ಒಂದರಲ್ಲಿ ತಯಾರಾದ ಹೆಸರಾಂತ ಜಾಝ್-ರಾಕ್ ಆಲ್ಬಮ್‌ಗೆ ಅವರು ತಬಲಾ ನುಡಿಸಿದ್ದರು. ಮನೆಗೆ ಯಾರು ಬಂದರೂ ಅದರ ಮೂರನೆಯ ಹಾಡು ಹಾಕಿ, ಕಣ್ಣು ಮುಚ್ಚಿ ಕೂತು, ತಬಲಾ ಶುರುವಾದೊಡನೆ ಬೆರಳೆತ್ತಿ "ಇದು ನಾನು" ಎನ್ನುತ್ತಿದ್ದರು. ರೆಕಾರ್ಡಿನ ಹೊದಿಕೆಯ ಮೇಲೆ ತಬಲಾದವರ ಹೆಸರೇ ಇರಲಿಲ್ಲ.

"ಒಂದೊಂದು ಹಾಡಿಗೂ ನಾವು ಮೂರು ಜನ ತಬಲಾದವರು ಬೇರೆಬೇರೆಯಾಗಿ ನುಡಿಸಿದ್ವಿ. ಯಾರದ್ದು ಇಟ್ಕೊಂಡ್ರು ಅಂತ ಹೇಳ್ಲಿಲ್ಲ. ಆದ್ರೆ ನನ್ನ ಕೈ ನನಗೆ ಗೊತ್ತಾಗಲ್ವಾ?"

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆ ಆಲ್ಬಮ್ ಸಿಡಿಯಾಗಿ ಮತ್ತೆ ಬಂತು. ಅಂಕಲ್ ಮಗಳು ಶಾಮ್‌ಬರ್ಗ್‌ನ ಮಾಲ್‌ನಿಂದ ತಂದುಕೊಟ್ಟಳು. ಒಳಗಿನ ಪುಸ್ತಿಕೆಯಲ್ಲಿ ಪ್ರತಿ ಹಾಡಿಗೂ ನುಡಿಸಿದವರ ಹೆಸರಿತ್ತು. ಅಂಕಲ್ ಹೆಸರು ಐದನೆಯ ಹಾಡಿನ ಕೆಳಗಿತ್ತು. ಮೂರನೆಯದರ ಕೆಳಗೆ ಬೇರೆಯವರದು.

"ಡ್ಯಾಡ್, ಯು ಆರ್ ಆನ್ ಇಟ್," ಎಂದಳು ಮಗಳು ಖುಷಿಯಿಂದ.

"ಐದನೇದು ನುಡಿಸಿದ ನೆನಪೇ ಇಲ್ವಲ್ಲಮ್ಮ."

ಅದನ್ನು ಎರಡು ಸಲ ಕೇಳಿದರು. ಬೆರಳು ಮೇಲೇಳಲಿಲ್ಲ. ಆಮೇಲೆ ಮೂರನೆಯದನ್ನು ಕೊನೆಯವರೆಗೂ ಕೇಳಿ ನನ್ನ ಕಡೆ ತಿರುಗಿದರು.

"ಹಾಗಾದ್ರೆ ಇಷ್ಟು ವರ್ಷ ನಿಮಗೆಲ್ಲ ನಾನು ಕೇಳಿಸ್ತಿದ್ದದ್ದು ಯಾರನ್ನ?"

"ಪುಸ್ತಿಕೆಯಲ್ಲೇ ತಪ್ಪಿರಬಹುದು ಅಂಕಲ್," ಎಂದೆ.

ಅವರು ತಲೆಯಾಡಿಸಿದರು. ಹೌದೆಂದರೋ ಅಲ್ಲವೆಂದರೋ ನನಗೆ ತಿಳಿಯಲಿಲ್ಲ.