ಘಟ್ಟದ ಮೇಲಿನವರ ಸಮುದ್ರ

ನಮ್ಮ ಡ್ರಾಯಿಂಗ್ ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರು ಒಂದು ದಿನ ಇದ್ದ ಬಣ್ಣದಲ್ಲಿ ಇನ್ನೊಂದು ದಿನ ಇರುತ್ತಿರಲಿಲ್ಲ. ಕಲಸಿದ ಬಣ್ಣವನ್ನು ಉಗುರಿಗೆ ಸವರಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಅವರ ಅಭ್ಯಾಸ. ತೊಳೆದುಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ. ಸಾಗರದ ಪೇಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೆ ಅಂಗಡಿಯವನು, “ಇವತ್ತು ಎಂತ ಸಾರ್, ಹಸಿರಾ?” ಎಂದು ಕಿಚಾಯಿಸುತ್ತಿದ್ದ.

ಹೊಗಳುವುದರಲ್ಲಿ ಅವರಷ್ಟು ಜಿಪುಣರನ್ನು ನಾನು ಕಂಡಿಲ್ಲ. ಚಿತ್ರ ತುಂಬ ಚೆನ್ನಾಗಿ ಬಂದಿದ್ದರೆ, “ಪರವಾಗಿಲ್ಲ, ಹರೀಬೇಡ” ಎನ್ನುತ್ತಿದ್ದರು. ಅದಕ್ಕಿಂತ ಮೇಲಿನ ಮಾತು ಯಾರಿಗೂ ಸಿಕ್ಕಿದ್ದಿಲ್ಲ. ರಬ್ಬರ್ ಕಂಡರೆ ಅವರಿಗೆ ಮೈಯೆಲ್ಲ ಉರಿ. ಬಾಗಿಲಲ್ಲೇ ನಿಂತು ಕಿತ್ತುಕೊಳ್ಳುತ್ತಿದ್ದರು. “ತಪ್ಪು ಗೆರೆ ಇದ್ರೆ ಇರ್ಲಿ ಮಾರಾಯ್ತಿ, ಅದನ್ನ ಎಳೆದದ್ದೂ ನೀನೇ ಅಲ್ದಾ? ಪಕ್ಕದಲ್ಲಿ ಸರಿ ಗೆರೆ ಎಳಿ.”

ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ, ಅವರು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಘಟ್ಟ ಇಳಿಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಕಡಲದಂಡೆಯಲ್ಲಿ ಕೂತು ಬರೆಯುವುದು, ರಾತ್ರಿಯೊಳಗೆ ವಾಪಸ್ಸು. ಹಿಂದೆ ಮೇಷ್ಟ್ರನ್ನು ಅವರ ಗುರುಗಳು ಮೀನಿನ ಲಾರಿಯಲ್ಲಿ ಕೂರಿಸಿಕೊಂಡು ಹೋಗಿದ್ದರಂತೆ. ಹಾಗೆ ಮೇಷ್ಟ್ರ ಜೊತೆ ಹೋಗಿ ಬಂದವರು ಈಗ ಎಲ್ಲೆಲ್ಲೋ ಇದ್ದಾರೆ. ಒಬ್ಬ ಹೆಗ್ಗೋಡಿನ ಕಡೆ ನಾಟಕದ ಪರದೆ ಬರೆಯುತ್ತಾನೆ. ಇನ್ನೊಬ್ಬ ತೀರ್ಥಹಳ್ಳಿಯಲ್ಲಿ ಬೋರ್ಡು ಬರೆಯುತ್ತಾನೆ. ಬೇಕರಿ ಬೋರ್ಡಿಗೂ ಮೂಲೆಯಲ್ಲೊಂದು ಅಲೆ ಹಾಕದಿದ್ದರೆ ಅವನಿಗೆ ಸಮಾಧಾನವಿಲ್ಲ. ಸಮುದ್ರವೇ ಇಲ್ಲದ ನಮ್ಮ ಸೀಮೆಯಲ್ಲಿ ಇಷ್ಟೊಂದು ಜನ ಸಮುದ್ರ ಬರೆಯುವುದು ಕಂಡರೆ ನನಗೆ ಈಗಲೂ ನಗು ಬರುತ್ತದೆ.

ನನಗೆ ದಾವಣಗೆರೆಗೆ ಹೋಗಿ ಚಿತ್ರಕಲೆ ಓದಬೇಕೆಂಬ ಹುಚ್ಚು ಹತ್ತಿದ್ದೂ ಇವರಿಂದಲೇ. ಅಪ್ಪ ಒಪ್ಪಲಿಲ್ಲ. ಅಪ್ಪ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಓಡಿಸುತ್ತಿದ್ದ. ಈ ದಡದ ಜನ, ಬೈಕು, ಬಸ್ಸುಗಳನ್ನು ಆ ದಡಕ್ಕೆ ಮುಟ್ಟಿಸುವುದು, ಅಲ್ಲಿಂದ ಇಲ್ಲಿಗೆ ತರುವುದು. ಒಂದು ಭಾನುವಾರ ಮೇಷ್ಟ್ರು ಅದೇ ಲಾಂಚ್ ಹತ್ತಿ ನಮ್ಮ ಮನೆಗೆ ಬಂದರು.

“ನೋಡಿ ಮೇಷ್ಟ್ರೆ, ಟೀಚರ್ ಟ್ರೈನಿಂಗ್ ಮಾಡಿದ್ರೆ ಮುಂದೆ ಒಂದು ಕೆಲ್ಸ ಅಂತ ಕಾಣ್ತದೆ,” ಎಂದ ಅಪ್ಪ. “ಈ ಚಿತ್ರ ಬರೆಯೋದು ಎಲ್ಲಿಗ್ ಹೋಗಿ ಮುಟ್ತದೆ? ನಂಗೇನೂ ಕಾಣ್ತಿಲ್ಲ.”

ಮೇಷ್ಟ್ರು ವಾದ ಮಾಡಲಿಲ್ಲ. ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, “ಬರೋ ವಾರ ಮಕ್ಳನ್ನ ಸಮುದ್ರಕ್ಕೆ ಕರ್ಕೊಂಡ್ ಹೋಗ್ತಿದೀನಿ. ನಂಗೆ ಈಜು ಬರಲ್ಲ. ನೀರು ಬಲ್ಲೋರು ಒಬ್ರು ಜೊತೆಗೆ ಬೇಕು, ನೀವು ಬರ್ಬೇಕು” ಎಂದರು.

“ದಿನಾ ನೀರ್ ಮೇಲೇ ಇರ್ತೀನಿ. ನಂಗೆ ಎಂತ ಸಮುದ್ರ ತೋರಿಸ್ತೀರಿ?” ಎಂದು ಗೊಣಗಿದರೂ, ಮಕ್ಕಳ ಜೀವದ ಮಾತು ಬಂದದ್ದರಿಂದ ಅಪ್ಪ ಹೊರಟ.

ದಂಡೆಯಲ್ಲಿ ಮೇಷ್ಟ್ರದೊಂದು ನಿಯಮವಿತ್ತು. ಜೊತೆಗೆ ಬಂದವರೆಲ್ಲ ಬರೆಯಲೇಬೇಕು. ಬಸ್ಸಿನ ಡ್ರೈವರ್ ತನ್ನ ಬಸ್ಸನ್ನೇ ಬರೆದ, ಸಮುದ್ರ ಅದರ ಹಿಂದೆ ಎಲ್ಲೋ ಇತ್ತು. ಅಪ್ಪನ ಕೈಗೂ ಒಂದು ಹಾಳೆ, ಇದ್ದಿಲ ಚೂರು ಬಂತು. ಅಪ್ಪ ಅಡ್ಡಡ್ಡ ಗೆರೆ ಎಳೆದು ನೀರು ಮಾಡಿದ. ಆಮೇಲೆ ಕೈ ಎತ್ತದೆ, ತಲೆಯನ್ನೂ ಎತ್ತದೆ, ನೀರಿನ ಆಚೆಗೆ ಸಾಲಾಗಿ ಗುಡ್ಡ ಬರೆದ.

ಮಕ್ಕಳು ಕಿಸಕ್ಕೆಂದರು. ನನಗೆ ಮರಳಿನೊಳಗೆ ಹೋಗಿಬಿಡೋಣ ಅನ್ನಿಸಿತು. ಅಪ್ಪ ಎದುರಿಗೆ ನೋಡಿದ. ಅಲ್ಲಿ ಗುಡ್ಡವೂ ಇಲ್ಲ, ದಡವೂ ಇಲ್ಲ.

“ರಬ್ಬರ್ ಕೊಡಿ ಮೇಷ್ಟ್ರೆ.”

“ನನ್ನ ಹತ್ರ ಇಲ್ಲ,” ಎಂದು ಮೇಷ್ಟ್ರು ಪಂಚೆ ಎತ್ತಿಕೊಂಡು ಅಪ್ಪನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. “ಮೊದಲನೇ ಸಲ ಬಂದಾಗ ನಾನೂ ಗುಡ್ಡನೇ ಬರ್ದಿದ್ದೆ. ನಮ್ಮ ಗುರುಗಳೂ ಹಂಗೇ ಬರ್ದಿದ್ರಂತೆ. ಘಟ್ಟದ ಮೇಲಿನೋರು ನಾವು, ನೀರು ಅಂದ್ರೆ ಆಚೆಗೊಂದು ಗುಡ್ಡ ಇರ್ಲೇಬೇಕು ನಮ್ಗೆ. ಎಲ್ಲಿ, ನಕ್ಕೋರೆಲ್ಲ ಹಾಳೆ ತೋರ್ಸಿ?”

ನಕ್ಕವರಲ್ಲಿ ಅರ್ಧಕ್ಕರ್ಧ ಜನರ ಹಾಳೆಗಳಲ್ಲಿ ಗುಡ್ಡವಿತ್ತು. ನನ್ನದರಲ್ಲೂ ಇತ್ತು.

ಅಪ್ಪ ನಗಲಿಲ್ಲ. ಸಮುದ್ರವನ್ನೇ ನೋಡುತ್ತ, “ಅಲ್ಲ ಮೇಷ್ಟ್ರೆ, ಆಚೆ ದಡ ಕಾಣ್ದಿದ್ರೆ, ಬಿಟ್ಟ ದೋಣಿ ಎಲ್ಲಿಗ್ ಹೋಗದು?” ಎಂದು ಕೇಳಿದ. ನಿಜವಾಗಿಯೂ ಗೊತ್ತಾಗದೆ ಕೇಳಿದ ಪ್ರಶ್ನೆ ಅದು.

“ಅಗೋ, ಹೋಗ್ತಿದಾವಲ್ಲ ಮೀನಿನ ದೋಣಿ. ಸಂಜೆ ವಾಪಸ್ ಬರ್ತಾವೆ. ಹಿಂದೆ ಒಂದು ದಡ ಗಟ್ಟಿಯಾಗಿದ್ರೆ ಸಾಕು ಅವಕ್ಕೆ.” ಮೇಷ್ಟ್ರು ಅಪ್ಪನ ಕಡೆ ತಿರುಗಿ, “ನಿಮ್ಮ ಮಗಳಿಗೆ ನೀವಿದೀರಿ” ಎಂದರು.

ಡ್ರೈವರ್ ಹಾರನ್ ಹೊಡೆದರೂ ದೋಣಿಗಳು ದಡಕ್ಕೆ ಬರುವವರೆಗೆ ಅಪ್ಪ ಕದಲಲಿಲ್ಲ. ಬಸ್ಸು ಘಟ್ಟ ಹತ್ತುವಾಗ ನನ್ನ ಸೀಟಿನ ಹತ್ತಿರ ಬಂದು, “ದಾವಣಗೆರೇಲಿ ಹಾಸ್ಟೆಲ್ ಗೀಸ್ಟೆಲ್ ಇದೆಯಂತಾ?” ಎಂದು ಕೇಳಿದ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಮುಂದಿನ ಸೀಟಿನಲ್ಲಿ ಮೇಷ್ಟ್ರು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು.

ನಾನೀಗ ಹೊಸನಗರದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಉಳಿದ ಹೊತ್ತೆಲ್ಲ ಬರೆಯುತ್ತೇನೆ. ನನ್ನ ಚಿತ್ರಗಳು ನಾನು ಕಾಣದ ಊರುಗಳ ಗೋಡೆಗಳಿಗೂ ಹೋಗಿವೆ. ಈ ಬದುಕು ಮೇಷ್ಟ್ರು ಕೊಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ನಿವೃತ್ತರಾದ ಮೇಲೂ, ಕೈಗೆ ಕೋಲು ಬಂದ ಮೇಲೂ, ಯಾವ ಶಾಲೆಯ ಮಕ್ಕಳಾದರೂ ಸರಿ ಎಂದು ಅವರು ಪ್ರತಿವರ್ಷ ಘಟ್ಟ ಇಳಿಯುತ್ತಲೇ ಇದ್ದರು.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಅಪ್ಪನಿಗೆ ಈಗ ಲಾಂಚಿನ ಕೆಲಸವಿಲ್ಲ, ಹಿನ್ನೀರಿಗೆ ಸೇತುವೆ ಬಂದಿದೆ. ಸುದ್ದಿ ಕೇಳಿ ನನಗಿಂತ ಮೊದಲೇ ಸಾಗರದ ಅವರ ಮನೆ ಮುಟ್ಟಿದ್ದ. ಯಾರನ್ನೂ ಕೇಳದೆ ಚಟ್ಟಕ್ಕೆ ಹೆಗಲು ಕೊಟ್ಟ. ಯಾರೂ ಬೇಡವೆನ್ನಲಿಲ್ಲ.

ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಬಸ್ಸು ಕಾಯುತ್ತ ಕೂತಿದ್ದೆವು.

“ಈ ಸಲ ಮಕ್ಳನ್ನ ಸಮುದ್ರಕ್ಕೆ ಯಾರ್ ಕರ್ಕೊಂಡ್ ಹೋಗೋದು?” ಎಂದ ಅಪ್ಪ.

“ಗೊತ್ತಿಲ್ಲಪ್ಪ.”

“ಗೊತ್ತಿಲ್ಲ ಅಂದ್ರೆ ಎಂತ? ನೀನೇ ಹೋಗ್ಬೇಕು,” ಎಂದು ಅಪ್ಪ ಎದ್ದು ಪಂಚೆ ಕೊಡವಿಕೊಂಡ. “ಬಸ್ಸಿಗೆ ನಾನ್ ಹೇಳಿಟ್ಟಿರ್ತೀನಿ.”