ಒಂದೇಟೂ ಕೊಡದ ಅವ್ವ

ಮಾಕವಳ್ಳಿಯಲ್ಲಿ ಬಾಲ್ಯದ ಅನುಭವಗಳ ಬಗ್ಗೆ ಸಮೀಕ್ಷೆ ಮಾಡುತ್ತಿದ್ದೆ. "ಚಿಕ್ಕಂದಿನಲ್ಲಿ ನಿಮ್ಮನ್ನು ಯಾರಾದರೂ ನೋಯಿಸಿದ್ದರೇ?" ಎಂದು ಕಬ್ಬು ಕಡಿಯುವ ಹೆಂಗಸೊಬ್ಬಳನ್ನು ಕೇಳಿದೆ.

"ನಮ್ಮವ್ವ ದೇವ್ರು ಕಣಪ್ಪ. ಒಂದೇಟೂ ಕೊಟ್ಟೋಳಲ್ಲ."

ಅವಳ ಮುಂಗೈ ಮೇಲೆ ಹಳೆಯ ಸುಟ್ಟ ಗುರುತಿತ್ತು. "ಮತ್ತೆ ಇದು?"

"ಸುಳ್ಳೇಳಿದ್ಕೆ ಸೌಟು ಕಾಯ್ಸಿ ಬರೆ ಆಕಿದ್ಲು. ಅದು ಏಟಲ್ಲ, ಬುದ್ಧಿ ಕಲ್ಸೋದು."

ಅಷ್ಟರಲ್ಲಿ ಅವಳ ಏಳು ವರ್ಷದ ಮಗಳು ನನಗೆ ನೀರು ತಂದಳು. ಲೋಟ ಹಿಡಿದ ಕೈಯಲ್ಲಿ, ಅದೇ ಜಾಗದಲ್ಲಿ, ಇನ್ನೂ ಒಣಗದ ಬರೆ.

"ನೋಯ್ತದಾ ಮರಿ?"

ಮಗು ಅವ್ವನ ಮುಖ ನೋಡಿತು. "ಇಲ್ಲ. ನಂದೇ ತಪ್ಪು."

"ಮಗುವಿಗೆ ಹೀಗೆ ಮಾಡಬೇಡಮ್ಮ" ಎಂದೆ.

"ಯಾಕೆ? ನಾನೇನ್ ಕೆಟ್ಟೋದ್ನಾ?" ಎಂದಳು.

ಸಮೀಕ್ಷೆಯ ಹಾಳೆಯಲ್ಲಿ ಅವಳ ಉತ್ತರವನ್ನೇ ಬರೆದುಕೊಂಡೆ: 'ಯಾರೂ ನೋಯಿಸಿಲ್ಲ.' ಮನಸ್ಸಿನಲ್ಲಿ ಅದುಮಿಟ್ಟ ನೋವು ಮುಂದಿನ ತಲೆಮಾರಿಗೆ ಹೇಗೆ ದಾಟುತ್ತದೆಂದು ಮನಶ್ಶಾಸ್ತ್ರದ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು.